ನರಗುಂದಕ್ಕೆ ಎರಡು, ಗಜೇಂದ್ರಗಡಕ್ಕೆ ಮೂರು

ನಮ್ಮ ಮನೆಯಲ್ಲಿ ಮೂರು ಸಂಜೆಯ ಹೊತ್ತಿಗೆ ಹೊರಗಿನಿಂದ ಯಾರಾದರೂ ಕರೆದರೆ ಒಂದೇ ಕೂಗಿಗೆ ಓಗೊಡುವಂತಿರಲಿಲ್ಲ. ಮೊದಲನೆಯ ಕೂಗಿಗೆ ಬಾಯಿ ಮುಚ್ಚಿಕೊಂಡು ಕೂಡಬೇಕು. ಎರಡನೆಯದಕ್ಕೂ ಹಾಗೆಯೇ. ಮೂರನೆಯ ಸಲ ಕರೆದರೆ ಮಾತ್ರ "ಓ, ಬಂದೆ" ಅನ್ನಬಹುದು. ದೆವ್ವಕ್ಕೆ ಎರಡು ಸಲ ಕರೆಯಲು ಬರುತ್ತದೆ, ಮೂರನೆಯದಕ್ಕೆ ಅದರ ನಾಲಿಗೆ ಹೊರಳುವುದಿಲ್ಲ ಎಂಬುದು ನಮ್ಮ ಆಯಿಯ, ಅಂದರೆ ಅಪ್ಪನ ತಾಯಿಯ, ಕಾನೂನು. ಮರೆತು ಮೊದಲೇ ಓ ಅಂದರೆ ಆ ಓ ಹಿಡಿದುಕೊಂಡು ದೆವ್ವ ಒಳಗೆ ಬರುತ್ತದೆ, ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರು ಯಾರೋ ಅವರನ್ನು ಕರೆದುಕೊಂಡು ಹೋಗುತ್ತದೆ.

ನಗಬೇಡಿ. ರೋಣದ ನಮ್ಮ ಓಣಿಯ ತುಂಬ ಇದೇ ನಡೆಯುತ್ತಿತ್ತು. ಕರೆಯುವವರಿಗೂ ಅದು ಗೊತ್ತಿತ್ತು. ಹೊತ್ತು ಮುಳುಗಿದ ಮೇಲೆ ಬಂದ ಎಣ್ಣೆಯವಳು "ಯಕ್ಕಾ" ಅನ್ನುವಳು, ಉಸಿರು ತೆಗೆದುಕೊಳ್ಳುವಳು, ಮತ್ತೆ "ಯಕ್ಕಾ" ಅನ್ನುವಳು, ಮತ್ತೊಮ್ಮೆ ಉಸಿರು. ಒಳಗೆ ನಾವು ಅವಳ ಉಸಿರನ್ನೂ ಎಣಿಸುತ್ತ ಕೂತಿರುತ್ತಿದ್ದೆವು. ಬೇರೆ ಸೀಮೆಯಿಂದ ಬಂದ ಹೊಸ ಮಾಸ್ತರರೊಬ್ಬರು ಒಂದೇ ಸಲ ಕರೆದು, ಯಾರೂ ಬಾರದ್ದನ್ನು ಕಂಡು, ಈ ಊರಿನವರೆಲ್ಲ ಕಿವುಡರು ಎಂದು ಬೈದುಕೊಂಡು ಹೋಗಿದ್ದರು. ಅವರ ಮಾತನ್ನು ಹೇಳಿ ಹೇಳಿ ಓಣಿಯವರು ವರ್ಷಗಟ್ಟಲೆ ನಕ್ಕರು.

ನಾನು ದೆವ್ವ ನಂಬುವವಳಲ್ಲ. ಡಾಕ್ಟರಾಗುವ ಹುಡುಗ ಹುಡುಗಿಯರಿಗೆ ಜೀವಮಾನವಿಡೀ ರೋಗಾಣುಗಳ ಪಾಠ ಹೇಳಿದವಳು. ಮಾಟ ಮಂತ್ರ ಅಂದವರ ಮೇಲೆ ಹರಿಹಾಯ್ದು ಅವರ ಬಾಯಿ ಮುಚ್ಚಿಸಿದವಳು. ಆದರೂ ದೀಪ ಹಚ್ಚುವ ಹೊತ್ತಿಗೆ ಬೀದಿಯಲ್ಲಿ ಯಾರಾದರೂ ಯಾರನ್ನಾದರೂ "ಅಕ್ಕಾ" ಎಂದು ಕರೆದರೆ ಇವತ್ತಿಗೂ ನನ್ನ ಬೆನ್ನು ತಣ್ಣಗಾಗುತ್ತದೆ.

ಅವ್ವನ ತವರು ನರಗುಂದ. ಅಲ್ಲಿಯ ಕಾನೂನು ಬೇರೆ. ಅಲ್ಲಿ ದೆವ್ವ ಒಂದೇ ಸಲ ಕರೆಯುತ್ತದೆ, ಹಾಗಾಗಿ ಎರಡನೆಯ ಕೂಗಿಗೆ ಧೈರ್ಯವಾಗಿ ಓ ಅನ್ನಬಹುದು. ಮೂರರ ಲೆಕ್ಕ ಆಯಿ ತನ್ನ ತವರು ಗಜೇಂದ್ರಗಡದಿಂದ ತಂದದ್ದು. ಸೊಸೆಯನ್ನು ಕೆಣಕಬೇಕು ಅನ್ನಿಸಿದಾಗಲೆಲ್ಲ ಆಯಿ ಈ ಮಾತು ತೆಗೆಯುತ್ತಿದ್ದಳು.

"ನಿಮ್ಮ ನರಗುಂದದ ದೆವ್ವ ಸಾಲಿಗೆ ಹೋಗಿಲ್ಲ ನೋಡು, ಒಂದರ ಮುಂದ ಎಣಸಾಕ ಬರೂದಿಲ್ಲ. ನಮ್ಮ ಗಜೇಂದ್ರಗಡದ್ವು ಶಾಣ್ಯಾ. ಎರಡರತನಾ ಬಾಯಿಪಾಠ."

ಅವ್ವ ನಗುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಸಂಜೆ ಯಾರೋ ಎರಡು ಸಲ ಕರೆದಾಗ ಅವ್ವ ತವರಿನ ರೂಢಿಯಂತೆ ಓ ಅಂದುಬಿಟ್ಟಿದ್ದಳು. ಬಾಗಿಲು ತೆರೆದರೆ ಯಾರೂ ಇರಲಿಲ್ಲವಂತೆ. ಮುಂದೆ ಕೆಲವೇ ದಿನಗಳಲ್ಲಿ ನನಗಿಂತ ಮೊದಲು ಹುಟ್ಟಿದ ಗಂಡುಕೂಸು ಜ್ವರ ಬಂದು ಹೋಯಿತು. ಆಯಿ ಆಗ ಬೈಯಲಿಲ್ಲ, ಬಡಿಯಲಿಲ್ಲ. ಕೂಸನ್ನು ಮಣ್ಣು ಮಾಡಿ ಬಂದವರ ಮುಂದೆ, "ಎರಡಕ್ಕ ಓ ಅಂದ್ಳು" ಎಂದಷ್ಟೇ ಹೇಳಿದಳು. ಅಂದಿನಿಂದ ಅವ್ವ ಗಜೇಂದ್ರಗಡದ ಲೆಕ್ಕಕ್ಕೆ ಬಿದ್ದವಳು, ಹುಟ್ಟಿದ್ದೇ ಆ ಊರಿನಲ್ಲಿ ಎಂಬಷ್ಟು ಗಟ್ಟಿಯಾಗಿ ಅದನ್ನು ಹಿಡಿದುಕೊಂಡಳು.

ಅವ್ವನ ತಂಗಿ, ನನ್ನ ಚಿಗವ್ವ, ನಮ್ಮ ಪಕ್ಕದ ಮನೆಯ ಸೊಸೆ. ತಂಗಿ ಕಣ್ಣೆದುರಿಗೇ ಇರಲಿ ಎಂದು ಅವ್ವನೇ ಹಟ ಹಿಡಿದು ಆ ಸಂಬಂಧ ಮಾಡಿಸಿದ್ದಳು. ಎರಡೂ ಮಾಳಿಗೆ ಮನೆಗಳಿಗೆ ನಡುವೆ ಒಂದೇ ಮಣ್ಣಿನ ಗೋಡೆ. ಅಡುಗೆಮನೆಯ ಕಡೆ ಆ ಗೋಡೆಯಲ್ಲಿ ಒಂದು ಕಿಂಡಿ ಇತ್ತು. ಒಂದು ಬಟ್ಟಲು ಹಿಡಿದ ಕೈ ದಾಟುವಷ್ಟು ದೊಡ್ಡದು. ಚಿಗವ್ವನಿಗೆ ಮೊಸರಿನ ಹೆಪ್ಪು ಉಳಿಸಿಕೊಳ್ಳುವ ಬುದ್ಧಿ ಎಂದೂ ಬರಲಿಲ್ಲ. ಹಾಲು ಕಾಸಿ ಇಳಿಸಿದ ಮೇಲೆ ನೆನಪಾಗಿ, ಕಿಂಡಿಯಲ್ಲಿ ಬಟ್ಟಲು ತೂರಿಸುವಳು.

"ಅಕ್ಕಾ, ಹೆಪ್ಪ."

"ನಿನಗ ಹೆಪ್ಪ ಉಳಿಸ್ಕೊಳ್ಳೂ ಬುದ್ಧಿ ಯಾವಾಗ ಬರತೈತಿ?"

"ನೀ ಪಕ್ಕದಾಗ ಇರೂತನಾ ಬರೂದಿಲ್ಲ."

ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವ ರೂಢಿಯಿಲ್ಲ. ಆದರೆ ಚಿಗವ್ವ ಹೊತ್ತು ಗೊತ್ತು ನೋಡಿ ಬರುವವಳಲ್ಲ. ಕತ್ತಲಾದ ಮೇಲೆ ಬಂದರೂ ಅವಳು ಕರೆಯುವುದು ನರಗುಂದದ ಲೆಕ್ಕದಲ್ಲಿ, ಎರಡೇ ಸಲ. ಕರೆದು ಸುಮ್ಮನೆ ನಿಲ್ಲುವಳು. ಇತ್ತ ಆಯಿ ಒಲೆಯ ಮುಂದೆ ಎರಡು ಬೆರಳು ಎತ್ತಿ ಹಿಡಿದು, ಯಾರೂ ಉಸಿರೆತ್ತಕೂಡದು ಎಂದು ಕಣ್ಣಲ್ಲೇ ಹೆದರಿಸುವಳು. ಸ್ವಲ್ಪ ಹೊತ್ತಿಗೆ ಗೋಡೆಯ ಆಚೆ ಚಿಗವ್ವನ ನಗು ಒಡೆಯುತ್ತಿತ್ತು. "ಆತ್ರೆವ್ವಾ, ಗಜೇಂದ್ರಗಡದ್ದೂ ಒಂದು ತಗೋರಿ! ಅಕ್ಕಾ!" ಆಗ ಆಯಿಯೂ ನಗುವಳು. ಆ ಗೋಡೆಯ ಎರಡೂ ಕಡೆ ಅಂಥ ನಗು ನಾನು ಮತ್ತೆ ಕೇಳಲಿಲ್ಲ.

ಕರ್ನಾಟಕ ಒಂದಾಗುವುದಕ್ಕೆ ಹಿಂದಿನ ಬೇಸಿಗೆ. ನಾನು ಮುಲ್ಕಿ ಪರೀಕ್ಷೆ ಮುಗಿಸಿ ಮನೆಯಲ್ಲಿದ್ದೆ. ಏಳನೆಯ ಇಯತ್ತೆಯ ಆ ಪರೀಕ್ಷೆ ಪಾಸಾದರೆ ಹುಡುಗಿಯ ಕಲಿಕೆ ಮುಗಿದಂತೆ ಎಂದು ಆಯಿ, ಮುಂದೆ ಕಲಿಯಲಿ ಎಂದು ಅಪ್ಪ, ದಿನಾ ಜಗಳ. ಬಾವಿಗಳ ನೀರು ತಳ ಕಂಡಿತ್ತು. ಸುತ್ತಲಿನ ಹಳ್ಳಿಗಳಲ್ಲಿ ಕಾಲರಾ ಬಿದ್ದಿದೆ ಎಂಬ ಸುದ್ದಿ ಮೊದಲು ಬಂತು, ಆಮೇಲೆ ಕಾಲರಾ ಬಂತು. ಸೂಜಿ ಹಾಕುವವರು ಓಣಿ ಓಣಿ ತಿರುಗಿದರು. ಬಾವಿಗಳಿಗೆ ಬಿಳಿ ಪುಡಿ ಬಿತ್ತು, ನೀರೆಲ್ಲ ಘಾಟು. ಆ ನೀರಿನಲ್ಲಿ ಬೇಳೆ ಬೇಯುವುದಿಲ್ಲ ಎಂದು ಅರ್ಧ ಊರಿನವರು ಕದ್ದು ಹಳ್ಳದ ಒರತೆಯ ನೀರು ತಂದರು. ಚಿಗವ್ವನ ಮನೆಯವರೂ ತಂದರು. ಒರತೆಯ ನೀರು ಸಿಹಿ, ಕಣ್ಣಿಗೆ ಸ್ವಚ್ಛ.

ಆ ದಿನ ಪಕ್ಕದ ಮನೆಯಲ್ಲಿ ಚಿಗವ್ವ ಒಬ್ಬಳೇ ಇದ್ದಳು. ಅವಳ ಗಂಡ ಮೆಣಸಗಿಯ ಹೊಲದ ಕೆಲಸಕ್ಕೆ ಹೋಗಿದ್ದ, ಅತ್ತೆ ಹರಕೆ ಹೊತ್ತು ಇಟಗಿಗೆ ನಡೆದು ಹೋಗಿದ್ದಳು. ನಮ್ಮ ಮನೆಯಲ್ಲಿ ಆಯಿ ಬೆಳಗಿನಿಂದಲೇ ಬಾಗಿಲು ಹಾಕಿಸಿದ್ದಳು. ಯಾರೂ ಹೊರಗೆ ಕಾಲಿಡಕೂಡದು, ಹೊರಗಿನವರು ಒಳಗೆ ಬರಕೂಡದು. ನನ್ನ ತಮ್ಮನಿಗೆ ಆಗ ಇನ್ನೂ ಹಲ್ಲು ಬರುತ್ತಿದ್ದವು. ಅವನೇ ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವನು. ಅವ್ವ ದಿನವಿಡೀ ಅವನನ್ನು ಸೊಂಟದಿಂದ ಇಳಿಸಿರಲಿಲ್ಲ.

ದೀಪ ಹಚ್ಚಿ ಆಗಿತ್ತು. ಅಪ್ಪ ಮಾತ್ರ ಆಯಿಯ ಮಾತು ಕೇಳದೆ ಪೇಟೆಗೆ ಹೋಗಿದ್ದ. ತಮ್ಮ ನನ್ನ ಮಡಿಲಲ್ಲಿ ಮಲಗಿದ್ದ, ಅವ್ವ ರೊಟ್ಟಿ ಬಡಿಯುತ್ತಿದ್ದಳು, ಆಯಿ ಎದುರಿಗೆ ಕಾಲು ಚಾಚಿ ಕೂತಿದ್ದಳು. ಆಗ ಕಿಂಡಿಯ ಕಡೆಯಿಂದ ಒಂದು ದನಿ ಬಂತು.

"ಅಕ್ಕಾ."

ಅದು ಹೆಣ್ಣಿನದೋ ಗಂಡಿನದೋ ಹೇಳುವಂತಿರಲಿಲ್ಲ. ಒಣ ಜೋಳದ ದಂಟನ್ನು ತಿಕ್ಕಿದಂತೆ ಇತ್ತು. ಅವ್ವನ ಕೈ ರೊಟ್ಟಿಯ ಮೇಲೆ ನಿಂತಿತು. ಆಯಿ ಒಂದು ಬೆರಳು ಎತ್ತಿದಳು.

"ಅಕ್ಕಾ."

ಆಯಿಯ ಎರಡನೆಯ ಬೆರಳು ಮೇಲೆ ಬಂತು. ನಾನು ಏಳಲು ಹೋದೆ. ಅವ್ವ ಹಿಟ್ಟಿನ ಕೈಯಿಂದಲೇ ನನ್ನ ಮೊಣಕೈ ಹಿಡಿದಳು. ಅವಳು ನೋಡುತ್ತಿದ್ದದ್ದು ನನ್ನನ್ನಲ್ಲ, ನನ್ನ ಮಡಿಲಲ್ಲಿದ್ದ ಕೂಸನ್ನು. ನಾವು ಮೂವರೂ ಕಾದೆವು. ನಗು ಒಡೆಯಲಿಲ್ಲ. ಗಜೇಂದ್ರಗಡದ್ದು ಬರಲಿಲ್ಲ.

"ನೋಡಿದ್ಯಾ? ಆಕಿ ದನೀನ ಅಲ್ಲ ಅದು" ಎಂದಳು ಆಯಿ, ಪಿಸುದನಿಯಲ್ಲಿ. "ಮೂರನೇದ್ದು ಬರಲಿಲ್ಲ. ರೊಟ್ಟಿ ಬಡಿ."

"ಅತ್ಯಾರ, ಒಂದ ಸಲ ನೋಡಿ ಬರ್ಲ್ಯಾ?"

"ಕೂಸಿನ ಮಾರಿ ನೋಡು ಮೊದಲ. ಒಂದನ್ನ ಕಳಕೊಂಡಿದ್ದು ಸಾಲದೇನು?"

ಅವ್ವ ರೊಟ್ಟಿ ಬಡಿದಳು. ಬೇಕಾದ್ದಕ್ಕಿಂತ ಜೋರಾಗಿ ಬಡಿದಳು. ಆ ಸಪ್ಪಳದಲ್ಲಿ ಬೇರೇನೂ ಕೇಳುವಂತಿರಲಿಲ್ಲ.

ಬೆಳಗಿನ ನಸುಕಿನಲ್ಲಿ, ಆಯಿ ಏಳುವ ಮೊದಲು, ಅವ್ವ ಹಿತ್ತಲಿನಿಂದ ಪಕ್ಕದ ಮನೆಗೆ ಹೋದಳು. ನಾನು ಹಿಂದೆಯೇ ಓಡಿದೆ. ಚಿಗವ್ವ ಕಿಂಡಿಯ ಕೆಳಗೆ, ಗೋಡೆಗೆ ಕೆನ್ನೆ ಆನಿಸಿ ಬಿದ್ದಿದ್ದಳು. ಜೀವವಿತ್ತು. ಒಂದೇ ರಾತ್ರಿಗೆ ಅವಳ ಕಣ್ಣು ಗುಳಿ ಬಿದ್ದು, ಮುಖ ಮುದುಕಿಯದಾಗಿತ್ತು. ಬೆರಳ ತುದಿಗಳು ದಿನವಿಡೀ ಬಟ್ಟೆ ಒಗೆದವರ ಬೆರಳಿನಂತೆ ಸುಕ್ಕುಗಟ್ಟಿದ್ದವು. ಅವ್ವ ಅವಳ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು. ಚಿಗವ್ವ ಕಣ್ಣು ತೆರೆದು, ಅದೇ ಒಣ ದನಿಯಲ್ಲಿ, ಸಣ್ಣ ಮಕ್ಕಳು ದೂರು ಹೇಳುವಂತೆ ಹೇಳಿದಳು.

"ಕರದಿದ್ನೆಲ್ಲಕ್ಕಾ."

"ಕೇಳಲಿಲ್ಲವ್ವಾ" ಅಂದಳು ಅವ್ವ. "ನನಗ ಕೇಳಲಿಲ್ಲ ನನ್ನವ್ವಾ."

ಅಪ್ಪ ಚಕ್ಕಡಿ ಹೂಡಿದ. ದವಾಖಾನೆ ಮುಟ್ಟುವ ಮೊದಲೇ ಚಿಗವ್ವ ಹೋದಳು.

ಊರವರು ಬಂದು ಅವ್ವನನ್ನು ಸಮಾಧಾನ ಮಾಡಿದರು. ಗೋಡೆಯ ಆಚೆ ಸಂಕಟ ಪಟ್ಟದ್ದು ಈಚೆಯವರಿಗೆ ಹೇಗೆ ಕೇಳಬೇಕು, ಪಾಪ ಕೇಳಿದ್ದರೆ ಬಿಡುತ್ತಿದ್ದಳೇ ಎಂದರು. ಅವ್ವ ತಲೆ ತಗ್ಗಿಸಿ ಕೂತಿದ್ದಳು. ಆಯಿಯೂ ಬಾಯಿ ಬಿಡಲಿಲ್ಲ. ಎಲ್ಲರೂ ಹೋದ ಮೇಲೆ ಮಾತ್ರ, "ನಮ್ಮ ಕೂಸು ಉಳೀತು" ಅಂದಳು. ತಾನು ಮಾಡಿದ್ದು ಬರೋಬ್ಬರಿ ಎಂದೇ ಅವಳು ಸಾಯುವ ತನಕ ನಂಬಿದ್ದಳು. ಅವಳ ಮೇಲಿನ ನನ್ನ ಸಿಟ್ಟು ಅವಳ ಜೊತೆಗೆ ಹೋಗಲಿಲ್ಲ. ಇನ್ನೂ ನನ್ನ ಹತ್ತಿರವೇ ಇದೆ, ಬೆಚ್ಚಗೆ.

ಕಿಂಡಿಯನ್ನು ಅಪ್ಪ ಕಲ್ಲು ಮಣ್ಣಿಟ್ಟು ಮುಚ್ಚಿಸಿದ, ಮೇಲೆ ಸುಣ್ಣ ಬಳಿಸಿದ. ಮಣ್ಣು ಆರಿದ ಮೇಲೆ ಆ ಜಾಗದಲ್ಲಿ ಸುಣ್ಣ ಬಿರುಕು ಬಿಟ್ಟು ಕಿಂಡಿಯ ಆಕಾರ ಮತ್ತೆ ಮೂಡಿತು. ಪ್ರತಿ ಹಬ್ಬಕ್ಕೆ ಬಳಿಯುವುದು, ಪ್ರತಿ ಬೇಸಿಗೆಗೆ ಅದು ಮೂಡುವುದು.

ಬದಲಾದವಳು ಅವ್ವ. ಸಂಜೆಯಾದರೆ ಯಾವ ಸಪ್ಪಳಕ್ಕೂ ಅವಳು "ಓ, ಬಂದೆ" ಅನ್ನತೊಡಗಿದಳು. ಕಾಗೆ ಕೂಗಿದರೂ ಓ. ಚಕ್ಕಡಿಯ ಕೀಲು ಕಿರುಗುಟ್ಟಿದರೂ ಓ. ಓಣಿಯ ಆ ತುದಿಯಲ್ಲಿ ಯಾರೋ ಯಾರನ್ನೋ ಕರೆದರೆ ಇಲ್ಲಿ ಅವ್ವ ಓ ಅಂದು ಎದ್ದು ನಿಲ್ಲುವಳು. ರೊಟ್ಟಿ ಬಡಿಯುವಾಗ ನಡುನಡುವೆ ಕೈ ತಡೆದು ಆಲಿಸುವಳು, ಮತ್ತೆ ಬಡಿಯುವಳು. ನಮ್ಮ ಮನೆಯ ರೊಟ್ಟಿಯ ಸಪ್ಪಳ ಬೇರೆ ಮನೆಗಳ ಹಾಗೆ ಒಂದೇ ಸಮ ಬರುತ್ತಿರಲಿಲ್ಲ. ಆಯಿ ಹೆದರಿ ನನ್ನ ತಮ್ಮನಿಗೆ ತಾಯಿತ ಕಟ್ಟಿಸಿದಳು, ಸವಡಿಯಿಂದ ಯಾರನ್ನೋ ಕರೆಸಿ ಅವ್ವನಿಗೆ ಮಂತ್ರ ಹಾಕಿಸಿದಳು. ಮಂತ್ರ ಹಾಕುವಾಗ ಹೊರಗೆ ಕರು ಕೂಗಿತು. ಅವ್ವ ಬೂದಿ ಬಳಿದ ಹಣೆಯಲ್ಲೇ "ಓ" ಅಂದಳು.

ತಮ್ಮನಿಗೆ ಏನೂ ಆಗಲಿಲ್ಲ. ಗುಂಡುಕಲ್ಲಿನ ಹಾಗೆ ಬೆಳೆದ. ಅವನು ಬೆಳೆಯುತ್ತ ಹೋದಂತೆ ಅವ್ವ ಒಳಗೊಳಗೇ ಇಳಿಯುತ್ತ ಹೋದಳು ಅಂತ ನನಗೆ ಅನ್ನಿಸುತ್ತಿತ್ತು. ಇಷ್ಟು ಸಲ ಓ ಅಂದರೂ ಯಾವ ದೆವ್ವವೂ ಬರಲಿಲ್ಲ ಎಂದರೆ, ಅಂದು ಒಂದು ಸಲ ಅಂದಿದ್ದರೂ ಬರುತ್ತಿರಲಿಲ್ಲವಲ್ಲ. ಇದನ್ನು ಅವಳು ದಿನಾ ಸಂಜೆ ತನಗೆ ತಾನೇ ರುಜುವಾತು ಮಾಡಿಕೊಳ್ಳುತ್ತಿದ್ದಳು.

ನಾನು ಅವಳನ್ನು ಏನೂ ಕೇಳಲಿಲ್ಲ. ಅಂದು ಆ ಕೂಗು ಕಿವಿಗೆ ಬಿದ್ದದ್ದು ಅವಳಿಗೂ ಗೊತ್ತು, ನನಗೂ ಗೊತ್ತು. ಹಟ ಮಾಡಿ ಮುಂದೆ ಕಲಿತೆ. ಗದಗಿನಲ್ಲಿ ಹೈಸ್ಕೂಲು, ಧಾರವಾಡದಲ್ಲಿ ಕಾಲೇಜು. ರೋಗಾಣುಗಳನ್ನೇ ಯಾಕೆ ಆರಿಸಿಕೊಂಡೆ ಎಂದು ಜನ ಕೇಳುತ್ತಿದ್ದರು. ವಿಷಯ ಚಲೋ ಇದೆ ಎಂದು ಸುಳ್ಳು ಹೇಳುತ್ತಿದ್ದೆ. ಚಿಗವ್ವನನ್ನು ಕೊಂದದ್ದನ್ನು ಒಮ್ಮೆ ಕಣ್ಣಾರೆ ನೋಡಬೇಕಿತ್ತು. ನೋಡಿದೆ. ಸೂಕ್ಷ್ಮದರ್ಶಕದ ಕೆಳಗೆ ಅದು ಬರವಣಿಗೆಯ ಅಲ್ಪವಿರಾಮದ ಹಾಗೆ ಬಾಗಿದ ಸಣ್ಣ ಗೆರೆ. ಕಾಲರಾದಲ್ಲಿ ಮೈಯ ನೀರೆಲ್ಲ ಬಸಿದು ಹೋಗಿ ಗಂಟಲು ಒಣಗುತ್ತದೆ, ರೋಗಿಯ ದನಿ ಗುರುತು ಸಿಗದಷ್ಟು ಬದಲಾಗುತ್ತದೆ ಎಂಬ ಸಾಲು ಪಾಠದ ಪುಸ್ತಕದಲ್ಲಿತ್ತು. ಆ ಸಾಲು ಓದಿದ ದಿನ ನಾನು ಊಟ ಮಾಡಲಿಲ್ಲ. ಆಯಿ ಹೇಳಿದ್ದು ಅರ್ಧ ಖರೆಯಾಗಿತ್ತು. ಅದು ಅವಳ ದನಿಯಾಗಿರಲಿಲ್ಲ.

ನಾನು ಕಲಿಯುವಾಗ ಬ್ಯಾಕ್ಟೀರಿಯಾ ಅಂದರೆ ಒಂಟಿ ಜೀವಿ. ತಿನ್ನುವುದು, ಎರಡಾಗುವುದು, ಅಷ್ಟೇ ಅದರ ಬಾಳು, ಮಾತಿಲ್ಲ ಕತೆಯಿಲ್ಲ ಎಂದೇ ಪಾಠ. ನಾನೂ ಹಾಗೆಯೇ ಕಲಿಸಿದೆ. ಆಮೇಲೆ ನನ್ನ ತಲೆ ಹಣ್ಣಾಗುವ ಹೊತ್ತಿಗೆ ಹೊಸ ವಿಚಾರ ಬಂತು. ಬ್ಯಾಕ್ಟೀರಿಯಾಗಳು ಒಂದನ್ನೊಂದು ಕರೆಯುತ್ತವೆ.

ಬಾಯಿಂದ ಅಲ್ಲ. ಪ್ರತಿಯೊಂದೂ ಒಂದು ಬಗೆಯ ರಾಸಾಯನಿಕವನ್ನು ತನ್ನ ಸುತ್ತ ಸೂಸುತ್ತಿರುತ್ತದೆ. ಒಂದೇ ಇದ್ದರೆ ಅದು ಸೂಸಿದ್ದು ನೀರಿನಲ್ಲಿ ಕರಗಿ ಎಲ್ಲೋ ಹೋಗುತ್ತದೆ, ಯಾರಿಗೂ ತಗಲುವುದಿಲ್ಲ. ಸಂಖ್ಯೆ ಬೆಳೆದಂತೆ ಆ ಕರೆ ದಟ್ಟವಾಗುತ್ತದೆ. ಒಂದು ಮಟ್ಟ ದಾಟಿತೆಂದರೆ ಎಲ್ಲವಕ್ಕೂ ಒಮ್ಮೆಲೇ ಕೇಳಿದಂತಾಗಿ, ಒಳಗಿನ ಜೀನುಗಳ ನಡೆ ಬದಲಾಗುತ್ತದೆ. ಮಾಡಬಲ್ಲ ಕೆಲಸಗಳ ಜೀನುಗಳೆಲ್ಲ ಪ್ರತಿಯೊಂದರಲ್ಲೂ ಇರುತ್ತವೆ, ಆದರೆ ಎಲ್ಲವೂ ಏಕಕಾಲಕ್ಕೆ ಎಚ್ಚರವಿರುವುದಿಲ್ಲ. ಮಲಗಿದ್ದ ಕೆಲವು ಏಳುತ್ತವೆ, ದುಡಿಯುತ್ತಿದ್ದ ಕೆಲವು ಮಲಗುತ್ತವೆ. ಸಮುದ್ರದಲ್ಲಿರುವ ಒಂದು ಜಾತಿಯವು ಒಂಟಿಯಾಗಿದ್ದಾಗ ಕತ್ತಲೆ, ಒತ್ತೊತ್ತಾಗಿ ಸೇರಿದಾಗ ಎಲ್ಲವೂ ಒಟ್ಟಿಗೆ ಬೆಳಗುತ್ತವೆ. ಎಷ್ಟು ಕರೆಗೆ ಓಗೊಡಬೇಕು ಎಂಬ ಮಟ್ಟ ಎಲ್ಲ ಜಾತಿಗೂ ಒಂದೇ ಅಲ್ಲ. ಓದುತ್ತ ನನಗೆ ನಗು ಬಂತು. ನರಗುಂದಕ್ಕೆ ಎರಡು, ಗಜೇಂದ್ರಗಡಕ್ಕೆ ಮೂರು.

ಇದಕ್ಕೆ ಇಟ್ಟ ಹೆಸರಿನಲ್ಲೂ ಕೋರಂ ಎಂಬ ಮಾತಿದೆ. ಅದು ನನಗೆ ಅಪ್ಪನ ಬಾಯಿಂದಲೇ ಪರಿಚಯವಾದ ಮಾತು. ಅಪ್ಪ ಊರ ಪಂಚಾಯತಿಯ ಮೆಂಬರ. ಸಾಕಷ್ಟು ಮೆಂಬರರು ಸೇರದೆ ಸಭೆಯಿಂದ ಬೇಗ ಬಂದ ದಿನ, "ಕೋರಂ ಭರ್ತಿ ಆಗ್ಲಿಲ್ಲ, ಚಾ ಕುಡದು ಬಂದ್ವಿ" ಅನ್ನುತ್ತಿದ್ದ. ಬ್ಯಾಕ್ಟೀರಿಯಾಗಳೂ ಹಾಗೆಯೇ. ಕೋರಂ ಭರ್ತಿಯಾಗುವ ತನಕ ಠರಾವಿಲ್ಲ.

ಇಷ್ಟಾಗಿದ್ದರೆ ಇದು ತಮಾಷೆಯ ಮಾತಾಗುತ್ತಿತ್ತು. ಕೆಲವು ವರ್ಷಗಳ ಮೇಲೆ ಕಾಲರಾದ ರೋಗಾಣುವಿನ ಮಾತು ಬಂತು. ಅದೂ ಕರೆಯುತ್ತದೆ. ಆದರೆ ಅದರ ಲೆಕ್ಕ ತಿರುವುಮುರುವು. ಕರುಳಿನಲ್ಲಿ ಕೆಲವೇ ಇದ್ದಾಗ, ಕರೆ ತೆಳ್ಳಗಿದ್ದಾಗ, ಅವು ಗೋಡೆಗೆ ಅಂಟಿಕೊಂಡು ವಿಷ ಹುಟ್ಟಿಸುತ್ತವೆ. ಬೆಳೆದು ಗುಂಪಾಗಿ ಕರೆ ದಟ್ಟವಾದ ಮೇಲೆ ವಿಷದ ಜೀನುಗಳನ್ನು ಮಲಗಿಸಿ, ಹಿಡಿದ ಗೋಡೆ ಬಿಟ್ಟು, ಹೊರಗೆ ಹೊರಡುತ್ತವೆ, ಬೇರೆ ನೀರು, ಬೇರೆ ಮೈ ಹುಡುಕಿಕೊಂಡು.

ಅದನ್ನು ಓದಿದಾಗ ನಾನು ಕಾಲೇಜಿನ ನನ್ನ ಕೋಣೆಯಲ್ಲಿದ್ದೆ, ಹೊರಗೆ ಬಿಸಿಲಿತ್ತು, ಹುಡುಗರು ಗದ್ದಲ ಮಾಡುತ್ತಿದ್ದರು. ನನಗೆ ಕಂಡದ್ದು ಆ ಗೋಡೆ. ಅದರ ಆಚೆ ಕತ್ತಲೆಯಲ್ಲಿ ಚಿಗವ್ವನ ಮೈಯೊಳಗೆ ಕೋಟಿಗಟ್ಟಲೆ ಜೀವಗಳು ಒಂದನ್ನೊಂದು ಕರೆಯುತ್ತಿದ್ದವು, ಎಲ್ಲವಕ್ಕೂ ಓಗೊಡುವವರಿದ್ದರು. ಕರೆದು, ಕೇಳಿಸಿಕೊಂಡು, ಗುಂಪು ಕಟ್ಟಿಕೊಂಡು ಹೊರಟುಹೋದವು. ಓ ಅನ್ನುವವರಿಲ್ಲದೆ ಹೋದದ್ದು ಅವಳೊಬ್ಬಳಿಗೆ. ನಾನು ಮೇಜಿಗೆ ತಲೆ ಇಟ್ಟು ಅತ್ತೆ. ಅಷ್ಟು ವರ್ಷಗಳಲ್ಲಿ ಅವಳಿಗಾಗಿ ಅತ್ತದ್ದು ಅದೇ ಮೊದಲು.

ಆಗ ಅವ್ವ ಧಾರವಾಡದಲ್ಲಿ ನನ್ನ ಮನೆಯಲ್ಲೇ ಇದ್ದಳು. ನನ್ನ ಮಕ್ಕಳು, ಮೊಮ್ಮಕ್ಕಳು, ಬಂದು ಹೋಗುವ ತಮ್ಮನ ಸಂಸಾರ, ಮನೆ ತುಂಬ ಜನ. ಬೆನ್ನು ಬಾಗಿತ್ತು, ಕಿವಿ ಚುರುಕಿತ್ತು. ಸಂಜೆಯಾದರೆ ಓ ಅನ್ನುವುದು ನಡೆದೇ ಇತ್ತು. ಸಣ್ಣವರು ಅದನ್ನು ಆಟ ಮಾಡಿಕೊಂಡಿದ್ದರು, ಪ್ರೆಶರ್ ಕುಕ್ಕರಿನ ಸೀಟಿಗೂ ಅಜ್ಜಿ ಓ ಅನ್ನುತ್ತಾಳೆ ಎಂದು ನಗುತ್ತಿದ್ದರು.

ನನಗೆ ಒಂದು ಆಸೆ ಹುಟ್ಟಿತು. ಈ ವಿಚಾರವನ್ನು ಅವಳ ಮುಂದೆ ಇಟ್ಟರೆ ಅವಳ ಎದೆಯ ಮೇಲಿನ ಕಲ್ಲು ಇಳಿದೀತು. ಒಂದೆರಡು ಕೂಗಿಗೆ ಓಗೊಡದಿರುವುದು ಮನುಷ್ಯರ ಮೂಢತನವಲ್ಲ, ಜೀವ ಹುಟ್ಟಿದಾಗಿನಿಂದ ನಡೆದು ಬಂದ ರೂಢಿ ಎಂದು ಹೇಳಬಹುದಲ್ಲ. ನಾನೇನು ಪೂರ್ತಿ ನಂಬಿ ಹೊರಟವಳಲ್ಲ. ಪಾಠ ಹೇಳುವವರಿಗೆ ಒಂದು ಚಟ, ತಿಳಿಸಿ ಹೇಳಿದರೆ ಎಲ್ಲ ನೋವೂ ಹೋಗುತ್ತದೆ ಅಂದುಕೊಳ್ಳುವುದು.

ಒಂದು ಸಂಜೆ ಅವಳು ಹಾಲಿಗೆ ಹೆಪ್ಪು ಹಾಕಲು ಕೂತಿದ್ದಳು. ಆ ಕೆಲಸ ಮಾತ್ರ ಅವಳು ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಕಿರುಬೆರಳು ಅದ್ದಿ ಬಿಸಿ ನೋಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ.

"ಅವ್ವಾ, ಜಡ್ಡಿನ ಹುಳ ಇರ್ತಾವಲ್ಲ, ಕಣ್ಣಿಗೆ ಕಾಣಲಾರದ್ದು, ಅವೂ ಒಂದಕ್ಕೊಂದು ಕರೀತಾವಂತ."

"ಹ್ಯಾಂಗ ಕರೀತಾವು? ಬಾಯಿ ಎಲ್ಲೈತಿ ಅವಕ್ಕ?"

"ಬಾಯಿಂದಲ್ಲ. ಮೈಯಿಂದ ಒಂದು ವಾಸನಿಯಂಥಾದ್ದು ಬಿಡ್ತಾವು. ಒಂದ ಕೂಗಿಗೆ ಅವು ಓ ಅನ್ನಂಗಿಲ್ಲ. ಭಾಳ ಕೂಗು ಕೂಡಿದ ಮ್ಯಾಲೆ ಓ ಅಂತಾವು, ಆವಾಗ ಅವುಗಳ ನಡತಿನೂ ಬದಲಾಗ್ತದ. ಎಲ್ಲಾ ಹುಳದ್ದೂ ಹಂಗ ಐತಿ. ಆ ಕಾಲರಾದ್ದೂ ಸುದ್ದಾ."

ಕಾಲರಾ ಎಂಬ ಮಾತಿಗೆ ಅವಳ ಬೆರಳು ಹಾಲಿನಲ್ಲೇ ನಿಂತಿತು. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಆಡುತ್ತಿರಲಿಲ್ಲ.

"ಕಾಲರಾದ್ದೂ?"

"ಹೂಂನವ್ವಾ."

ಅವಳು ನಾನು ತಯಾರಾಗದಿದ್ದ ಪ್ರಶ್ನೆ ಕೇಳಿದಳು.

"ಒಂದ ಕೂಗು ಬಿತ್ತಂದ್ರ, ಅದನ್ನ ಕೇಳಿನೂ ಸುಮ್ಮ ಕುಂದ್ರತಾವೇನು?"

ನಾನು ಪಾಠದ ಹುಮ್ಮಸ್ಸಿನಲ್ಲಿದ್ದೆ. "ಇಲ್ಲವ್ವಾ, ಕೇಳಿ ಸುಮ್ಮನಿರೂದಲ್ಲ. ಒಂದ ಕೂಗು ಅವಕ್ಕ ಕೇಳೂದ ಇಲ್ಲ. ನೀರಾಗ ಕರಗಿ ಹೋಗ್ತದ. ಭಾಳ ಆದಾಗ ಅಷ್ಟ ಕೇಳತದ."

"ಹಂಗಾರ ಅವುಗಳದೇನೂ ತಪ್ಪಿಲ್ಲ" ಅಂದಳು ಅವ್ವ.

ಹೆಪ್ಪಿನ ಬಟ್ಟಲು ಹತ್ತಿರ ಎಳೆದುಕೊಂಡಳು. ಒಂದು ಚಮಚ ತೆಗೆದು ಹಾಲಿಗೆ ಬಿಟ್ಟು, ಮೆಲ್ಲಗೆ ತಿರುವಿ, ಮುಚ್ಚಳ ಮುಚ್ಚಿದಳು. ಮುಚ್ಚಳದ ಮೇಲೆ ಕೈ ಇಟ್ಟುಕೊಂಡೇ ಹೇಳಿದಳು.

"ನನಗ ಕೇಳಿತ್ತು. ಎರಡೂ ಕೇಳಿದ್ವು. ದನಿ ಬ್ಯಾರೆ ಇತ್ತು ಖರೆ. ಆದ್ರ ಎರಡ ಸಲ ಕರದು ನಿಲ್ಲಾಕಿ ಆ ಓಣ್ಯಾಗ ಇನ್ನ ಯಾರಿದ್ರು? ನರಗುಂದದಾಕಿ ಆಕಿ ಒಬ್ಬಾಕೀನ."

ಗೊತ್ತಿತ್ತು ಎಂದು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಅಂದು ನನ್ನ ಮೊಣಕೈ ಹಿಡಿದ ಕೈ ಇನ್ನೂ ಮುಚ್ಚಳದ ಮೇಲೇ ಇತ್ತು. ನಾನು ಆ ಕೈ ಹಿಡಿದುಕೊಂಡೆ. ಆಯಿಯನ್ನು ಬೈಯಬೇಕು ಅನ್ನಿಸಿತು. ತಪ್ಪನ್ನು ಆಯಿಯ ಮೇಲೆ ಹಾಕಿದರೆ ಅವ್ವ ಒಪ್ಪುವವಳಲ್ಲ ಎಂದು ಬಿಟ್ಟೆ.

ಅಷ್ಟರಲ್ಲಿ ಬಾಗಿಲ ಕಡೆಯಿಂದ ಯಾರೋ ಒಂದು ಸಲ ಕರೆದರು, "ಅಕ್ಕಾ." ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದ ಹೆಂಗಸು ಇರಬೇಕು.

ನಾನು ಅವ್ವನ ಓ ಬರುತ್ತದೆ ಎಂದು ಕಾದೆ. ಬರಲಿಲ್ಲ. ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವಳು ಓ ಅನ್ನಲಿಲ್ಲ. ಗೋಡೆಯ ಕಡೆ ನೋಡುತ್ತ ಕೂತಿದ್ದಳು.

"ಓ, ಬಂದೆ" ಅಂದೆ ನಾನು, ಎರಡನೆಯ ಕೂಗಿಗೆ ಕಾಯದೆ. ಎದ್ದು ಹೋಗಿ ಬಾಗಿಲು ತೆರೆದೆ. ಹೆಪ್ಪು ಕೇಳಲು ಬಂದಿದ್ದಳು.